ಪಡಸಾಲೆಯಿಂದ ಒಳಮನೆಗೆ ಎಳೆದ ತಂತಿ

ಗದಗ ಬೇರೆ ಜಿಲ್ಲೆಯಾದ ವರ್ಷವೇ ಹಸೀನಾಬಿ ಲಕ್ಷ್ಮೇಶ್ವರದಿಂದ ಬೆಟಗೇರಿಗೆ ಸೊಸೆಯಾಗಿ ಬಂದಳು. ಅತ್ತೆ ಗೌಸಬಿ ಮಗ್ಗದ ಮೇಲೆ ಕುಳಿತರೆ ಊಟದ ಹೊತ್ತನ್ನೂ ಮರೆಯುವ ಹೆಂಗಸು. ಸೊಸೆಗೆ ನೇಯಲು ಕಲಿಸಹೋಗಿ, ಅವಳ ಕೈ ಲಾಳಿಗಿಂತ ಪೆನ್ಸಿಲ್ಲಿಗೆ ಚೆನ್ನಾಗಿ ಒಗ್ಗುವುದನ್ನು ಕಂಡು, ಚೌಕುಳಿ ಕಾಗದ ತರಿಸಿಕೊಟ್ಟವಳು ಅವಳೇ. ಒಂದು ಚೌಕವೆಂದರೆ ಮಗ್ಗದಲ್ಲಿ ಒಂದು ಎಳೆ. ಹಾಗೆ ಹಸೀನಾಬಿ ಸೀರೆಯ ದಡಿಗೆ, ಸೆರಗಿಗೆ ನಕ್ಷೆ ಬರೆಯತೊಡಗಿದಳು.

ಆ ನಕ್ಷೆಯಂತೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು ನೇಕಾರರಿಗೆ ಕೊಡುವುದು ಗಂಡ ಮುರ್ತುಜಾನ ಕೆಲಸ; ಪಟ್ಟಿಯನ್ನು ಮಗ್ಗಕ್ಕೆ ಏರಿಸಿದರೆ ಯಾವ ಎಳೆ ಏಳಬೇಕೆಂದು ಆ ತೂತುಗಳೇ ಹೇಳುತ್ತವೆ. ಮುಂದೆ ಅದಕ್ಕೆ ಯಂತ್ರ ಬಂತು. ಯಂತ್ರ ನಡೆಸಲು ಒಂದು ವಿಂಡೋಸ್ ಕಂಪ್ಯೂಟರ್ ಬಂತು. ಎರಡೂ ಪಡಸಾಲೆಯಲ್ಲಿ ಕುಳಿತವು. ಹಸೀನಾಬಿ ಕಾಗದ ಬಿಟ್ಟು ಕಂಪ್ಯೂಟರಿನಲ್ಲೇ ಬರೆಯಲು ಕಲಿತಳು.

ಮಗಳು ಫಿಜಾ ಹುಬ್ಬಳ್ಳಿಯ ಕಾಲೇಜು ಸೇರಿದ ಮೇಲೆ ಗೌಸಬಿಗೆ ಲಕ್ವಾ ಹೊಡೆಯಿತು. ಬಲಗಡೆಯ ಕೈಕಾಲು ಬಿದ್ದುಹೋದವು, ಮಾತು ತುಂಡುತುಂಡಾಯಿತು. ಒಳಮನೆಯಲ್ಲಿ ಮಂಚ ಹಾಕಿದರು. ಒಂದು ಮಧ್ಯಾಹ್ನ ಅವಳು ನೀರಿಗೆ ಕೈಚಾಚಿ ಮಂಚದಿಂದ ಕೆಳಗೆ ಬಿದ್ದಳು. ಪಡಸಾಲೆಯಲ್ಲಿ ಯಂತ್ರದ ಸದ್ದು, ಯಾರಿಗೂ ಕೇಳಲಿಲ್ಲ. ಹಸೀನಾಬಿ ನಕ್ಷೆ ಮುಗಿಸಿ ಒಳಗೆ ಬಂದು ನೋಡಿದಾಗ ಮುದುಕಿ ಗೋಡೆಗೆ ಮುಖ ಮಾಡಿ ಸುಮ್ಮನೆ ಬಿದ್ದಿದ್ದಳು, ಕೂಗುವ ಪ್ರಯತ್ನವನ್ನೂ ಬಿಟ್ಟಿದ್ದಳು.

ಆ ದಿನದಿಂದ ಹಸೀನಾಬಿ ಕಂಪ್ಯೂಟರ್ ಮುಂದೆ ಕೂರಲಿಲ್ಲ. ಹೊಸ ನಕ್ಷೆ ಇಲ್ಲದ ಮನೆಗೆ ನೇಕಾರರು ಬರುವುದು ಕಡಿಮೆಯಾಯಿತು. ಮುರ್ತುಜಾ ಬೈಯದೆ ಹಳೆಯ ನಕ್ಷೆಗಳನ್ನೇ ಮತ್ತೆ ಹೊಡೆಯುತ್ತ ಕೂತ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

ರಜೆಗೆ ಬಂದ ಫಿಜಾ ತನ್ನ ಹಳೆಯ ಲ್ಯಾಪ್‌ಟಾಪನ್ನು ತಾಯಿಯ ತೊಡೆಯ ಮೇಲಿಟ್ಟು ಅಜ್ಜಿಯ ಮಂಚ ತೋರಿಸಿದಳು. ಅದರಲ್ಲಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಬೇರೆ ವ್ಯವಸ್ಥೆ.

"ಅಮ್ಮಿ, ದಾದಿ ಬಾಜೂಕ ಕುಂತ ಇದರಾಗ ಬರಿ. ಪೆನ್‌ಡ್ರೈವಿಗೆ ಹಾಕಿ ಅಬ್ಬಾಗ ಕೊಡು."

ಕೆಲವು ದಿನ ಹಾಗೇ ನಡೆಯಿತು. ನೇಕಾರ ಹೇಮಪ್ಪ ಮಗಳ ಮದುವೆ ಸೀರೆಗೆ ಒಂದು ಸೆರಗು ಬರೆಸಿದ. ಅಷ್ಟರಲ್ಲಿ ಯಾರದೋ ಪೆನ್‌ಡ್ರೈವಿನಿಂದ ಪಡಸಾಲೆಯ ಕಂಪ್ಯೂಟರಿಗೆ ವೈರಸ್ ಬಂತು. ಅಲ್ಲಿಂದ ಹಸೀನಾಬಿಯ ಪೆನ್‌ಡ್ರೈವಿಗೂ ಹತ್ತಿ, ಅದರಲ್ಲಷ್ಟೇ ಇದ್ದ ಸೆರಗಿನ ನಕ್ಷೆ ತೆರೆಯದೇ ಹೋಯಿತು. ಅವಳು ಮೊದಲಿನಿಂದ ಮತ್ತೆ ಬರೆದಳು. ಬರೆದು ಮುಗಿಸಿದ ದಿನ ಗಂಡನಿಗೆ ಹೇಳಿದಳು:

"ಇನ್ನ ಆ ಪೆನ್‌ಡ್ರೈವ್ ನಮ್ಮ ಮನ್ಯಾಗ ಅಡ್ಡಾಡೂದು ಬ್ಯಾಡ್ರಿ. ಎರಡಕ್ಕೂ ನಡುವ ಒಂದ ವೈರ್ ಎಳದ್ರಾತು."

"ಅದು ವಿಂಡೋಸ್, ಇದು ಲಿನಕ್ಸ್. ಅದರ ಮಾತು ಇದಕ್ಕ ತಿಳೀತೈತೇನ?"

"ನಾವು ಉರ್ದು ಮಾತಾಡ್ತೀವಿ, ಹೇಮಪ್ಪಣ್ಣ ಕನ್ನಡ ಮಾತಾಡ್ತಾನ. ಯಾಪಾರ ನಿಂತೈತೇನ್ರಿ?"

ಮುರ್ತುಜಾ ನಕ್ಕ. ಗದಗಿನಿಂದ ಉದ್ದದ ಕೇಬಲ್ ತಂದು ಬಾಗಿಲ ಮೇಲಿಂದ ಎಳೆದುಕೊಟ್ಟ. ಮುಂದಿನದೆಲ್ಲ ಹಸೀನಾಬಿಯದೇ. ಎಸೆಸೆಲ್ಸಿವರೆಗೆ ಓದಿದವಳು, ಪರದೆಯ ಮೇಲಿನ ಇಂಗ್ಲಿಷನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಫೋನಿನಲ್ಲಿ ಫಿಜಾಳಿಗೆ ಓದಿ ಹೇಳುತ್ತಿದ್ದಳು.

ಎರಡೂ ಕಂಪ್ಯೂಟರುಗಳಿಗೆ ಒಂದೇ ಸಾಲಿನ ಅಂಕಿಗಳ ವಿಳಾಸ ಕೊಡಬೇಕು, ಕೊನೆಯ ಅಂಕಿ ಮಾತ್ರ ಬೇರೆ ಇರಬೇಕು ಎಂದಳು ಫಿಜಾ. ಕೊಟ್ಟಾಯಿತು. ಲ್ಯಾಪ್‌ಟಾಪಿನಿಂದ ಕರೆದರೆ ಆಚೆಯಿಂದ ಉತ್ತರವಿಲ್ಲ. ಬೇರೆ ಕಂಪ್ಯೂಟರಿನ ಕರೆ ತಡೆಯುವ ವಿಂಡೋಸಿನ ಫೈರ್‌ವಾಲ್ ಅಡ್ಡ ನಿಂತಿತ್ತು. ಅದರಲ್ಲಿ ದಾರಿ ಬಿಡಿಸಿದಳು, ಉತ್ತರ ಬಂತು. ಅಲ್ಲಿ ಒಂದು ಫೋಲ್ಡರ್ ಮಾಡಿ, ಹಂಚಿಕೊಳ್ಳಲು ಅನುಮತಿ ಕೊಟ್ಟು, ಹೆಸರು, ಪಾಸ್‌ವರ್ಡ್ ಇಟ್ಟಳು. ಆದರೂ ಲ್ಯಾಪ್‌ಟಾಪಿನಿಂದ ಅದು ತೆರೆಯಲೊಲ್ಲದು. ಮರುದಿನವೂ ಅದೇ ಹಾಡು.

"ಅಮ್ಮಿ, ಆ ವಿಂಡೋಸ್ ಭಾಳ ಹಳೇದು," ಎಂದಳು ಫಿಜಾ, ಕಾಲೇಜಿನಲ್ಲಿ ಕೇಳಿಕೊಂಡು ಬಂದು. "ಅದು ಫೈಲ್ ಕೊಡೂ ರೀತಿ ಈಗ ಭರೋಸಾ ಇಲ್ಲಂತ ಹೊಸ ಲಿನಕ್ಸ್ ಒಪ್ಪೂದಿಲ್ಲ. ಲಿನಕ್ಸಿನಾಗ ವಿಂಡೋಸ್ ಜೋಡಿ ಮಾತಾಡಾಕ ಸಾಂಬಾ ಅಂತ ಒಂದ ಐತಿ, ಅದರ ಸೆಟ್ಟಿಂಗಿನಾಗ ಒಂದ ಸಾಲು ಸೇರಿಸಿದ್ರ ಒಪ್ಪತೈತಿ. ಆದ್ರ ಖಬರ್ ಇರ್ಲಿ, ಅಷ್ಟು ಸುರಕ್ಷಿತ ಅಲ್ಲ."

ಹಸೀನಾಬಿ ಕೇಳಿದಳು: "ಭರೋಸಾ ಇಲ್ಲ ಅಂದಮ್ಯಾಲ ಅದಕ್ಕ ಹೊರಗಿನ ನೆಟ್ ಯಾಕ ಬೇಕ? ತೂತು ಹೊಡಿಯಾಕ ನೆಟ್ ಬೇಕಿಲ್ಲಲ್ಲ."

ಪಡಸಾಲೆಗೆ ಹೋಗಿ ಕಂಪ್ಯೂಟರಿಗೆ ನೆಟ್ ಕೊಡುತ್ತಿದ್ದ ಡಾಂಗಲ್ ಕಿತ್ತು ಕಪಾಟಿನಲ್ಲಿಟ್ಟಳು. ಆ ವಿವೇಕ ಮಗಳಿಗೂ ಹೊಳೆದಿರಲಿಲ್ಲ. ಆಮೇಲೆ ಆ ಒಂದು ಸಾಲು ಬರೆಯಲು ಕೂತಳು. ಮೊದಲ ಸಲ ಒಂದು ಅಕ್ಷರ ತಪ್ಪಿತು. ತಿದ್ದಿ ಮತ್ತೆ ನೋಡಿದಾಗ ಫೋಲ್ಡರ್ ತೆರೆದುಕೊಂಡಿತು. ಒಂದು ಪುಟ್ಟ ಹೂವು ಬರೆದು ಅದರೊಳಗೆ ಉಳಿಸಿ, ಕೂತಲ್ಲಿಂದಲೇ ಕೂಗಿದಳು:

"ನೋಡ್ರಿ, ಫೋಲ್ಡರ್ ತಗೀರಿ!"

ಪಡಸಾಲೆಯಲ್ಲಿ ಮೌಸ್ ಒತ್ತಿದ ಸದ್ದು. ಆಮೇಲೆ ಮುರ್ತುಜಾನ ದನಿ: "ಬಂತು! ಹೂವು ಬಂತು!"

ಮದುವೆ ಸೀರೆಯ ಸೆರಗು ನೋಡಲು ಹೇಮಪ್ಪ ಬಂದ. ಪಡಸಾಲೆಯ ಪರದೆ ನೋಡಿ, ಚಲೋ ಐತಿ ಎಂದ. ಆದರೂ ಏನೋ ಒಪ್ಪುತ್ತಿಲ್ಲ ಎಂದು ತಲೆ ಕೆರೆದ. ಒಳಗೆ ಅದೇ ನಕ್ಷೆ ಹಸೀನಾಬಿಯ ತೊಡೆಯ ಮೇಲಿತ್ತು. ಗೌಸಬಿ ಎಡಗೈ ಚಾಚಿ ಪರದೆಯ ಮೇಲೆ ಸೆರಗಿನ ಅಂಚಿನ ದಡಿಯನ್ನು ಮುಟ್ಟಿದಳು.

"ದಡಿ... ದಪ್ಪ."

ಲಕ್ವಾ ಹೊಡೆದ ಮೇಲೆ ನೇಯ್ಗೆಯ ಬಗ್ಗೆ ಅವಳಾಡಿದ ಮೊದಲ ಮಾತು ಅದು. ಹಸೀನಾಬಿ ದಡಿಯಿಂದ ಒಂದೆರಡು ಎಳೆ ತೆಗೆದಳು. ಅತ್ತೆಯ ಮುಖ ನೋಡಿದಳು, ಇನ್ನೊಂದು ತೆಗೆದಳು. ಮುದುಕಿ ತಲೆಯಾಡಿಸಿದ ಮೇಲೆ ಉಳಿಸಿ, ಪಡಸಾಲೆಗೆ ಕೂಗಿ ಹೇಳಿದಳು.

"ಹಾಂ! ಇದು ನೋಡ್ರಿ ನನಗ ಬೇಕಾಗಿದ್ದು," ಎಂದ ಹೇಮಪ್ಪ. "ಯಾರು ತಿದ್ದಿದ್ರು?"

"ನಮ್ಮವ್ವ," ಎಂದ ಮುರ್ತುಜಾ.

ಹೇಮಪ್ಪ ಒಳಮನೆಯ ಬಾಗಿಲಿಗೆ ಬಂದು ನಿಂತ. "ಏನವಾ ಗೌಸಬಿ, ಮತ್ತ ಮಗ್ಗಕ್ಕ ಕುಂತಿ ಬಿಡವಾ!" ಗೌಸಬಿಯ ಅರ್ಧ ಮುಖ ನಕ್ಕಿತು. ಹಸೀನಾಬಿ ಸೆರಗಿನಿಂದ ಕಣ್ಣೊರೆಸಿಕೊಂಡು, ಚಹಾ ಇಡುವ ನೆವ ಮಾಡಿ ಎದ್ದು ಹೋದಳು.

ನೇಕಾರರು ಒಬ್ಬೊಬ್ಬರಾಗಿ ತಿರುಗಿ ಬಂದರು. ಗೌಸಬಿ ಇದ್ದಷ್ಟು ದಿನ ಅವಳು ನೋಡದೆ ಯಾವ ನಕ್ಷೆಯೂ ಪಡಸಾಲೆಗೆ ಹೋಗಲಿಲ್ಲ.

ಅವಳು ತೀರಿಕೊಂಡ ಮೇಲೆ ಹಸೀನಾಬಿ ಪಡಸಾಲೆಯ ಕಂಪ್ಯೂಟರ್ ಮುಂದೆ ಬಂದು ಕೂತಳು. ಲ್ಯಾಪ್‌ಟಾಪನ್ನು ಮಾತ್ರ ಒಳಗಿನಿಂದ ತೆಗೆಯಲಿಲ್ಲ. ಪಕ್ಕದ ಮನೆಯ ಸೊಸೆ ಮಂಜವ್ವ, ಕೈಗೂಸಿನ ತಾಯಿ, ನಕ್ಷೆ ಬರೆಯುವುದನ್ನು ಕಲಿಯಬೇಕು ಎಂದಿದ್ದಳು. ಈಗ ಆ ಮಂಚದ ಮೇಲೆ ಅವಳ ಕೂಸು ಮಲಗುತ್ತದೆ, ಪಕ್ಕದಲ್ಲಿ ಅವಳು ಬರೆಯುತ್ತಾಳೆ.

"ಅಕ್ಕಾರ, ಬಂತೇನ್ರಿ?" ಎಂದು ಒಳಗಿನಿಂದ ಮೆಲ್ಲಗೆ ಕೇಳುತ್ತಾಳೆ, ಕೂಸು ಏಳದ ಹಾಗೆ.

"ಬಂತವಾ. ಹೂವಿನ ದೇಟು ಸ್ವಲ್ಪ ಬಗ್ಗಲಿ," ಎನ್ನುತ್ತಾಳೆ ಹಸೀನಾಬಿ.