ದ್ವಾದಶಿಯ ವಿಮಾನ

ಇಂದು ಬೆಳಿಗ್ಗೆ ಕೈಚೀಲ ಹಿಡಿದು ಹೊರಟಾಗ ಅಡುಗೆಮನೆಯಿಂದ ನಮ್ಮವಳ ಧ್ವನಿ ಬಂತು: "ನಾಳೆ ದ್ವಾದಶಿರಿ. ಪಾರಣಿಗೆ ಅಗಸಿ ಸೊಪ್ಪು ತರ್ರಿ…" ಉಳಿದದ್ದನ್ನು ಬೇಗಂಪೇಟೆಯ ಹಳೆಯ ನಿಲ್ದಾಣದಿಂದ ಎದ್ದ ಪುಟ್ಟ ವಿಮಾನವೊಂದು ನುಂಗಿಹಾಕಿತು. "ಆತು," ಎಂದು ಮೆಟ್ಟಿಲಿಳಿದೆ. ಗೃಹಸ್ಥನಾದವನಿಗೆ ಇದಕ್ಕಿಂತ ಸುಖದ ಮಾತು ಇನ್ನೊಂದಿಲ್ಲವೆಂಬುದನ್ನು ನೀವೂ ಬಲ್ಲಿರಿ. ಆದರೆ ಆ ಸದ್ದಿನ ಹಿಂದೆಯೇ ಭಾವನವರ ನೆನಪಾಯಿತು.

ಅಕ್ಕನ ಯಜಮಾನರಾದ ನಮ್ಮ ಭಾವ ಅದೇ ನಿಲ್ದಾಣದ ಗೋಪುರದಲ್ಲಿ ಕುಳಿತು ವಿಮಾನಗಳನ್ನು ಇಳಿಸುತ್ತಿದ್ದವರು. ಅವರಿತ್ತ ಆಜ್ಞೆಯನ್ನು ಪೈಲಟ್ ಹಾಗೆಯೇ ತಿರುಗಿ ಹೇಳಬೇಕು. ಬರಿಯ 'ಆಯ್ತು' ಸಲ್ಲದು. ನಮ್ಮ ತಂದೆಯವರು ಪಡಸಾಲೆಯಲ್ಲಿ ವೇದದ ಸಂಥೆ ಹೇಳುತ್ತಿದ್ದುದೂ ಹೀಗೆಯೇ: ಗುರು ಒಮ್ಮೆ ನುಡಿದರೆ ಶಿಷ್ಯ ಎರಡು ಸಲ ಒಪ್ಪಿಸಬೇಕು. ಭಾವನವರು ಆ ನಿಯಮವನ್ನು ಮನೆಗೂ ತಂದಿದ್ದರು. ಅಕ್ಕ "ಚಹಾ ಇಟ್ಟೀನ್ರಿ" ಎಂದರೆ "ಚಹಾ ಇಟ್ಟೀ" ಎಂದು ಒಪ್ಪಿಸಿಯೇ ಲೋಟ ಮುಟ್ಟುವರು. "ಕುಡೀರಿ ಮೊದಲ, ಇದೇನು ವಿಮಾನ ಅಲ್ಲ," ಎಂದು ಅವಳು ಸಿಡುಕುವಳು.

ಒಮ್ಮೆ ನಮ್ಮ ತಾಯಿಯವರು ಬೆಂಗಳೂರಿನಿಂದ ಮೊದಲ ಬಾರಿ ವಿಮಾನವೇರಿ ಬಂದರು. ಹಿಂದಿನ ದಿನ ಏಕಾದಶಿ, ನೀರನ್ನೂ ಮುಟ್ಟಿರಲಿಲ್ಲ. ದ್ವಾದಶಿ ಕಳೆಯುವುದರೊಳಗೆ ಉಪವಾಸ ಬಿಟ್ಟು ಪಾರಣೆಯಾಗಬೇಕು, ಮದುವೆಯಾದಂದಿನಿಂದ ಒಮ್ಮೆಯೂ ತಪ್ಪದ ವ್ರತ. ವಿಮಾನವೋ ತಡವಾಗಿತ್ತು. ನಾನು ಪಾರಣೆಯ ಬುತ್ತಿಯನ್ನೂ ಪಂಚಾಂಗವನ್ನೂ ಹಿಡಿದು ನಿಲ್ದಾಣದ ಹೊರಗೆ ನಿಂತಿದ್ದೆ. ವಿಮಾನ ಕಂಡಿತು, ತಗ್ಗಿತು; ಕೈಮುಗಿದೆ. ಅದು ಗುಡುಗುತ್ತ ಮತ್ತೆ ಆಕಾಶಕ್ಕೇ ಏರಿತು! ನನ್ನ ಭಕ್ತಿಯಲ್ಲಿ ಲೋಪವಾಯಿತೇನೋ ಎಂದು ಕೈ ಬಿಡಿಸಿ ಇನ್ನೊಮ್ಮೆ ಮುಗಿದೆ.

ನಡೆದದ್ದು ಆಮೇಲೆ ತಿಳಿಯಿತು. ರನ್‌ವೇಯ ಮೇಲೆ ಹುಲ್ಲು ಕೊಯ್ಯುವ ಟ್ರ್ಯಾಕ್ಟರ್ ಇನ್ನೂ ಇತ್ತು. 'ಬರುತ್ತಿರು, ಇಳಿಯುವ ಅಪ್ಪಣೆ ಆಮೇಲೆ' ಎಂದು ಭಾವ ಹೇಳಿದರು. ಪೈಲಟ್ 'ಆಯ್ತು' ಎಂದ. ಅಪ್ಪಣೆಯೇ ಆಯಿತೆಂದು ಅವನ ಭಾವನೆ. ತಿರುಗಿ ಹೇಳೆಂದರೆ ಮತ್ತೆ ಅದೇ 'ಆಯ್ತು'. ವಿಮಾನದೊಳಗೆ ಅತ್ತೆ ಉಪವಾಸ ಕುಳಿತಿರುವುದನ್ನು ಬಲ್ಲವರಾದರೂ ಅಳಿಯ, 'ಮೇಲೆ ಹೋಗು' ಎಂದುಬಿಟ್ಟರು.

ಸುತ್ತು ಹಾಕಿ ವಿಮಾನ ಇಳಿಯುವ ಹೊತ್ತಿಗೆ ನನ್ನ ಪಂಚಾಂಗದಲ್ಲಿ ದ್ವಾದಶಿ ಮುಗಿದಿತ್ತು. ತಾಯಿಯವರು ನಗುತ್ತ ಬಂದರು.

"ಪಾರಣಿ ಆತೋ! ಅದು ಮ್ಯಾಲ ಏಳೂದಕ್ಕ ನಾ ತೀರ್ಥದ ಗಿಂಡಿ ತೆಗದು ಒಂದು ಹನಿ ತಗೊಂಡೆ. ಬಾಜೂದಾಂವ ಅಂತ್ಯಕಾಲ ಬಂತಂತ ಕೈ ಒಡ್ಡಿದ. ಅವನ್ನ ನೋಡಿ ಸುತ್ತಲಿನವರೆಲ್ಲಾ ಒಡ್ಡಿದ್ರು. ತೀರ್ಥ ಸಾಲಲಿಲ್ಲ ನೋಡು."

ತಿಥಿ ಜಾರುವಾಗ ಹನಿ ತೀರ್ಥವೇ ಪಾರಣೆಯೆಂಬುದು ಪಂಚಾಂಗ ಹಿಡಿದವನಿಗೆ ಹೊಳೆದಿರಲಿಲ್ಲ.

ಸಂಜೆ ಭಾವ ತಲೆತಗ್ಗಿಸಿ ನಿಂತರು. "ಅತ್ತೀ, ಮ್ಯಾಲ ಕಳಿಸಿದಾಂವ ನಾನರಿ."

"ಅಂವ ತಿರುಗಿ ಹೇಳಲಿಲ್ಲೇನು?"

"ಇಲ್ರಿ, ಬರೇ 'ಆತು' ಅಂದ."

"ಹಂಗಾರ ಅವಗ ಸಂಥಿ ಆಗಿಲ್ಲ. ಭಾಳ ಛಲೋ ಮಾಡಿದ್ರಿ. ಮುಂದಿನ ಸಲ ನಾ ದೊಡ್ಡ ಗಿಂಡಿ ತರ್ತೀನಿ."

ಇದನ್ನೆಲ್ಲ ನೆನೆಯುತ್ತ ಇಂದು ಗೇಟಿನವರೆಗೆ ಹೋಗಿದ್ದ ನಾನು ಹಿಂದಿರುಗಿ ಮೆಟ್ಟಿಲೇರಿ, ಬಾಗಿಲಲ್ಲಿ ನಿಂತು ಒಪ್ಪಿಸಿದೆ: "ಅಗಸಿ ಸೊಪ್ಪು."

"ಮತ್ತ ನೆಲ್ಲಿಕಾಯಿ? ಅಷ್ಟು ಒದರಿ ಹೇಳೀನಿ, ಏನು ಕೇಳಿದ್ರಿ?"

"ಅಗಸಿ ಸೊಪ್ಪು, ನೆಲ್ಲಿಕಾಯಿ."

"ಹ್ಞಾಂ," ಎಂದಳು ನಮ್ಮವಳು, "ಈಗ ಇಳೀರಿ."