ರಬಕವಿಗೆ ಒಯ್ದ ಖಾಲಿ ಗಡಿಗೆ

ಬಾಗಲಕೋಟೆ ಸ್ಟೇಷನ್ನಿನಲ್ಲಿ ಇಳಿದಾಗ ನಮ್ಮ ಹತ್ತಿರ ಇದ್ದದ್ದು ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಒಂದು ರೊಟ್ಟಿಯ ಗಂಟು. ಕೊನೆಯವರೆಗೂ ಅಷ್ಟೇ ಇದ್ದಿದ್ದರೆ ಈ ಪ್ರವಾಸದ ಬಗ್ಗೆ ಬರೆಯುವಂಥದ್ದು ಏನೂ ಇರುತ್ತಿರಲಿಲ್ಲ.

ನಾವು ಹೊರಟದ್ದು ರಬಕವಿಗೆ, ನಮ್ಮ ಮಗಳು ಶಾಂತಾಳಿಗೆ ನೋಡಿದ್ದ ಹುಡುಗನ ಮನೆ ನೋಡಲು. ಧಾರವಾಡದಿಂದ ಕುಡಚಿಗೆ ರೈಲಿನಲ್ಲಿ ಹೋಗಿದ್ದರೆ ಸುಲಭವಾಗುತ್ತಿತ್ತು. ಆದರೆ ಬೀಳಗಿಯಲ್ಲಿರುವ ನಮ್ಮಣ್ಣನನ್ನು ಹಿರಿಯನಾಗಿ ಕರೆದೊಯ್ಯಬೇಕಿತ್ತು, ಏಕೆಂದರೆ ನಮ್ಮವರನ್ನು ನಂಬುವಂತಿರಲಿಲ್ಲ. ಅವರಿಗೆ ಮಣ್ಣಿನ ಪಾತ್ರೆಗಳ ಹುಚ್ಚು. ಅಡಿಗೆಯ ಪಾತ್ರೆಗಳಲ್ಲ. ಕಲಾವಿದರು ಒಂದೊಂದಾಗಿ ಮಾಡಿ, ಮೆರುಗು ಕೊಟ್ಟು, ತಳದಲ್ಲಿ ತಮ್ಮ ಗುರುತು ಒತ್ತಿದವು. ಮುಂಬೈ, ಪುಣೆಗಳಿಂದ ತರಿಸಿ ಎರಡು ಕಪಾಟು ತುಂಬಿದ್ದಾರೆ. ಅವುಗಳಲ್ಲಿ ಒಂದು ಚಿಟಿಕೆ ಉಪ್ಪನ್ನೂ ಹಾಕುವಂತಿಲ್ಲ. ಹೋದ ವರ್ಷ ಶಾಂತಾಳನ್ನು ನೋಡಲು ಬಂದ ವರನ ಕಾಕಾ ಒಂದು ನೀಲಿ ಬಟ್ಟಲಿನಲ್ಲಿ ಬೀಡಿಯ ಬೂದಿ ಉದುರಿಸಿದರು. ಇವರು ಕೂಗಾಡಿದ ರೀತಿಗೆ ಬಂದವರು ಉಪ್ಪಿಟ್ಟನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದರು. ಆಮೇಲೆ ಒಂದು ವರ್ಷ ನಮ್ಮ ಮನೆಗೆ ಯಾರೂ ಕನ್ಯೆ ನೋಡಲು ಬರಲಿಲ್ಲ. ಶಾಂತಾ ಆ ಬಟ್ಟಲನ್ನು ತಾನೇ ತೊಳೆದಿಟ್ಟಳು.

ಬೀಳಗಿಗೆ ಹೋದರೆ ಅಣ್ಣ ಚಳಿಜ್ವರದಿಂದ ಹೊದ್ದು ಮಲಗಿದ್ದ. ಏಳುವ ಸ್ಥಿತಿಯಲ್ಲಿರಲಿಲ್ಲ. ನನ್ನನ್ನು ಹತ್ತಿರ ಕರೆದು, ಭಾವನವರಿಗೆ ಹೆಚ್ಚು ಮಾತಾಡಲು ಬಿಡಬೇಡ ಎಂದಷ್ಟೇ ಹೇಳಿದ. ಮರುದಿನ ಮುಂಜಾನೆ ನಾವಿಬ್ಬರೇ ಮುಧೋಳದ ಮೋಟಾರು ಹತ್ತಿದೆವು. ದಾರಿಯ ಧೂಳಿಗೆ ನನ್ನ ಹಸಿರು ಸೀರೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮುಧೋಳದಲ್ಲಿ ಚುರಮುರಿ ತಿಂದು, ಚಹಾ ಕುಡಿದು, ಜಮಖಂಡಿಯ ಮೋಟಾರಿಗೆ ಒಂದೂವರೆ ತಾಸು ಕಾಯ್ದೆವು.

ಜಮಖಂಡಿಯಲ್ಲಿ ಮೋಟಾರು ಬದಲಿಸುವುದಷ್ಟೇ ಕೆಲಸ ಎಂದು ನಾನು ತಿಳಿದಿದ್ದೆ. ಇವರು ಟ್ರಂಕನ್ನು ಚಹಾದ ಅಂಗಡಿಯಲ್ಲಿಟ್ಟು ಟಾಂಗಾ ಕರೆದರು. ಆಗ ಹೊರಬಿತ್ತು ಗುಟ್ಟು. ಮುಂಬೈಯಲ್ಲಿ ಕಲಿತು ಬಂದ ಡ್ರಾಯಿಂಗ್ ಮಾಸ್ತರರೊಬ್ಬರು, ಜಮಖಂಡಿ ಸಂಸ್ಥಾನ ಮುಂಬೈ ರಾಜ್ಯಕ್ಕೆ ಸೇರಿದ ಮೇಲೆ ನೌಕರಿ ಬಿಟ್ಟು, ಹಿತ್ತಲಲ್ಲಿ ಮಣ್ಣಿನ ಪಾತ್ರೆ ಸುಡುವ ಭಟ್ಟಿ ಹಾಕಿಕೊಂಡಿದ್ದರು. ಇವರು ಅವರಿಗೆ ಮೂರು ವರ್ಷದಿಂದ ಕಾಗದ ಬರೆಯುತ್ತಿದ್ದರಂತೆ. ಈಗ ಒಂದು ಗಡಿಗೆ ಸಿದ್ಧವಾಗಿತ್ತು. ತೋಳು ತುಂಬುವಷ್ಟು ದೊಡ್ಡದು, ಮಳೆಗಾಲದ ಹೊಳೆಯ ಬಣ್ಣ, ಒಂದು ಮಗ್ಗುಲು ತುಸು ಓರೆ. ಆ ಓರೆಯೇ ಅದರ ಚೆಲುವು ಎಂದು ಇವರು ಅರ್ಧ ತಾಸು ಅದರ ಸುತ್ತ ತಿರುಗಿದರು. ಬೇರೆ ಗಿರಾಕಿ ನಾಳೆಯೇ ಬರುವವನಿದ್ದಾನೆಂದು ಮಾಸ್ತರರು ಅಂದದ್ದೇ ತಡ, ಗಡಿಗೆ ಇವರ ತೋಳಿಗೆ ಬಂತು.

ರಬಕವಿಯ ಮೋಟಾರಿನಲ್ಲಿ ಕಂಡಕ್ಟರು ಅದನ್ನು ಮೇಲೆ ಕಟ್ಟುತ್ತೇನೆ ಎಂದ. ಇವರು ಒಪ್ಪದೆ ತೊಡೆಯ ಮೇಲಿಟ್ಟುಕೊಂಡರು. ಪಕ್ಕದಲ್ಲಿ ಮೆಣಸಿನಕಾಯಿ ಬುಟ್ಟಿಯ ಹೆಂಗಸೊಬ್ಬಳು ನಾವು ಎಲ್ಲಿಗೆ ಹೊರಟದ್ದೆಂದು ಕೇಳಿದಳು. ಹೇಳಿದೆ. ಅವಳು ಗಡಿಗೆಯೊಳಗೆ ಬಗ್ಗಿ ನೋಡಿದಳು.

"ಮಗಳ ಕೆಲಸಕ್ಕ ಹೊಂಟು ಬರೇ ಗಡಿಗಿ ಒಯ್ಯಾಕತ್ತೀರೇನ್ರಿ?" ಎಂದು, ಖಾಲಿ ಗಡಿಗೆಯ ಅಪಶಕುನ ಕಳೆಯಲು ಒಂದು ಹಿಡಿ ಮೆಣಸಿನಕಾಯಿ ಹಾಕಲು ಬಂದಳು. ಇವರು ಗಡಿಗೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿಬಿಟ್ಟರು. ಅವಳು ಬುಟ್ಟಿ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ನನಗೆ ನಾಚಿಕೆಯಿಂದ ಸತ್ತಂತಾಯಿತು.

ರಬಕವಿಯಲ್ಲಿ ಇಳಿದ ಮೇಲೆ ಕೈಮುಗಿದು ಕೇಳಿಕೊಂಡೆ: ಹಾದಿಯ ಅಂಗಡಿಯಲ್ಲಾದರೂ ಬಿಟ್ಟು ಬನ್ನಿ, ಇಲ್ಲವೇ ನಾಲ್ಕು ಕಾಳು ಹಾಕಿ. ಎರಡೂ ಆಗಲಿಲ್ಲ. ಓಣಿಯ ತುಂಬ ಮಗ್ಗಗಳ ಸಪ್ಪಳ. ನೇಯುತ್ತಿದ್ದವರು ಕೈ ನಿಲ್ಲಿಸಿ ನಮ್ಮನ್ನೇ ನೋಡಿದರು. ಹುಡುಗನ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಕೈಕಾಲಿಗೆ ನೀರು ಕೊಟ್ಟರು. ಇವರು ಒಳಗೆ ಕಾಲಿಡುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ಯಪ್ಪಾ, ಬರೇ ಗಡಿಗಿ ಹಿಡಕೊಂಡ ಹೊಸ್ತಲಾ ದಾಟಬ್ಯಾಡ್ರಿ."

ಮುಗಿಯಿತು, ಇದೂ ಹೋಯಿತು ಅಂದುಕೊಂಡೆ. ಇವರ ಬಾಯಿ ತೆರೆಯುವುದನ್ನು ಕಂಡೆ. ನನಗೆ ಆ ಗಡಿಗೆಯನ್ನು ಕಸಿದು ಅಲ್ಲೇ ಒಡೆಯಬೇಕೆನಿಸಿತು. ಇವರು ಒಮ್ಮೆ ನನ್ನ ಮುಖ ನೋಡಿದರು. ಬಾಯಿ ಮುಚ್ಚಿತು. ಗಡಿಗೆಯನ್ನು ಮುಂದೆ ಹಿಡಿದರು.

ಅಜ್ಜಿ ಒಳಗಿನಿಂದ ಮೊರ ತುಂಬ ಜೋಳ ತಂದು ಬೊಗಸೆ ಬೊಗಸೆಯಾಗಿ ಸುರಿದರು. ಇಪ್ಪತ್ತು ವರ್ಷದಲ್ಲಿ ಇವರು ಒಪ್ಪಿ ತಮ್ಮ ಪಾತ್ರೆಯೊಳಗೆ ಏನಾದರೂ ಹಾಕಿಸಿಕೊಂಡದ್ದು ನಾನು ನೋಡಿದ್ದು ಅದೇ ಮೊದಲು. ಇವರು ಕಣ್ಣು ಮುಚ್ಚಿಕೊಂಡಿದ್ದರು. ತುಂಬಿದ ಗಡಿಗೆಯನ್ನು ಅಜ್ಜಿ ದೇವರ ಕೋಣೆಯಲ್ಲಿ ಇಳಿಸಿ ಕುಂಕುಮ ಹಚ್ಚಿದರು.

ಊಟಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆ ಮೊಸರು. ಹುಡುಗ ಸಂಕೋಚದವನು, ಆದರೆ ತನ್ನ ಮಗ್ಗದ ಬಗ್ಗೆ ಕೇಳಿದಾಗ ಮಾತು ನಿಲ್ಲಿಸಲಿಲ್ಲ. ಇನ್ನೊಬ್ಬ ಇಂಥವನೇ ಗಂಟುಬಿದ್ದನಲ್ಲ ಎಂದು ಒಂದು ಕ್ಷಣ ಹೆದರಿದೆ. ಆದರೆ ಅವನು ನೇಯುವ ಸೀರೆಗಳನ್ನು ಜನ ಉಡುತ್ತಾರೆ. ಮಾತುಕತೆ ಸರಳವಾಗಿ ಮುಗಿಯಿತು. ಇವರು ನಡುವೆ ಒಂದೂ ಅಡ್ಡಮಾತು ಆಡಲಿಲ್ಲ. ದೇವರ ಕೋಣೆಯ ಕಡೆಗೇ ನೋಡುತ್ತ ಎಲ್ಲಕ್ಕೂ ತಲೆಯಾಡಿಸಿದರು.

ಮರುದಿನ ಹೊರಟಾಗ ಅಜ್ಜಿ ಕರೆದರು. "ಬೀಗರ, ನಿಮ್ಮ ಗಡಿಗಿ ಮರತ್ರಿ. ಜ್ವಾಳಾ ಸುರುವಿ ಕೊಡ್ತೇನಿ, ತಡೀರಿ."

ಇವರು ದೇವರ ಕೋಣೆಯ ಬಾಗಿಲವರೆಗೆ ಹೋಗಿ ನೋಡಿ ಬಂದರು. "ಸುರುವಬ್ಯಾಡ್ರಿ," ಎಂದರು. "ನಮ್ಮ ಶಾಂತಾ ಬರೂತನಕಾ ಹಂಗ ತುಂಬಿರ್ಲಿ."

ಕುಡಚಿಯ ಮೋಟಾರಿನಲ್ಲಿ ನನ್ನ ಜೀವ ತಿಂದರು. ಆ ಮನೆಯಲ್ಲಿ ಇಲಿ ಇವೆಯೇ, ಯಾರಾದರೂ ಜೋಳ ತೆಗೆಯಲು ಹೋಗಿ ಸೇರು ತಾಗಿದರೆ ಹೇಗೆ, ಅಜ್ಜಿಯ ಕೈ ನಡುಗುತ್ತಿರಲಿಲ್ಲವೇ. ನಾನು ಕಿಟಕಿಯ ಕಡೆ ಮುಖ ಮಾಡಿದೆ. ಸ್ವಲ್ಪ ದೂರ ಹೋದ ಮೇಲೆ ತಿರುಗಿ ನೋಡಿದೆ. ತೊಡೆಯ ಮೇಲೆ ಏನೂ ಇರಲಿಲ್ಲ, ಆದರೂ ಎರಡೂ ಕೈಗಳನ್ನು ದುಂಡಗೆ, ಗಡಿಗೆ ಹಿಡಿದ ಹಾಗೆಯೇ ಇಟ್ಟುಕೊಂಡಿದ್ದರು. ನೋಡಲಾರದೆ ಬೀಗರು ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಆ ಕೈಗಳ ನಡುವೆ ಇಟ್ಟೆ. ಕುಡಚಿ ಬರುವವರೆಗೂ ಅದನ್ನು ಅಲುಗದಂತೆ ಹಿಡಿದು ಕೂತರು.