ಬುಡನಸಾಬನ ನಡದ ಸೂಜಿ

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಹಮಾಲ ಬುಡನಸಾಬ ಹನ್ನೊಂದು ವರ್ಷದಿಂದ ಸೊಂಟದ ನೋವಿಗೆ ವಾರಕ್ಕೆರಡು ಸಲ ಸೂಜಿ ಹಾಕಿಸಿಕೊಳ್ಳುತ್ತಿದ್ದ. ಸೋಮವಾರದ ಪೇಟೆಗೆ ಎಡ ಕುಂಡಿ, ಗುರುವಾರದ ಪೇಟೆಗೆ ಬಲ. ಡೈಕ್ಲೋಫಿನಾಕ್ ಎಂಬ ಹೆಸರು ಅವನ ನಾಲಿಗೆಗೆ ಹೊರಳುತ್ತಿರಲಿಲ್ಲ. ‘ನಡದ ಸೂಜಿ’ ಎಂದರೆ ಸಾಕಿತ್ತು. ಗುಳಿಗೆಯ ಮೇಲೆ ಅವನಿಗೆ ಭರವಸೆಯಿಲ್ಲ. ಚುಚ್ಚದ ಔಷಧ ಔಷಧವೇ ಅಲ್ಲ.

ಸೂಜಿ ಬ್ಯಾಡಗಿಯಲ್ಲೂ ಸಿಗುತ್ತಿತ್ತು. ಆದರೆ ಅವನು ಯಾರಿಗೂ ತಿಳಿಯದಂತೆ ಬೆಳಿಗ್ಗೆ ಬಸ್ಸು ಹತ್ತಿ ರಾಣೆಬೆನ್ನೂರಿಗೇ ಹೋಗಿ, ತೂಕ ಶುರುವಾಗುವಷ್ಟರಲ್ಲಿ ಮರಳುತ್ತಿದ್ದ. ಹಮಾಲರ ಗುಂಪಿನಲ್ಲಿ ‘ನಡ ಹಿಡಿಯಿತು’ ಎಂದವನ ಕೈಗೆ ಮರುದಿನವೇ ದಬ್ಬಳ ಕೊಟ್ಟು ಚೀಲ ಹೊಲಿಯಲು ಕೂರಿಸುತ್ತಿದ್ದರು. ಚೀಲ ಹೊಲಿಯುವವನನ್ನು ಆಮೇಲೆ ಯಾರೂ ಬೈಯುವುದೂ ಇಲ್ಲ. ಬುಡನಸಾಬನಿಗೆ ಆ ಮರ್ಯಾದೆಯದೇ ಭಯ.

ಈ ಸಲ ರಾಣೆಬೆನ್ನೂರಿನ ದವಾಖಾನೆಯಲ್ಲಿ ಹಳೆಯ ಡಾಕ್ಟರರ ಕುರ್ಚಿಯಲ್ಲಿ ನಂದಿತಾ ಎಂಬ ಹೊಸ ಡಾಕ್ಟರು ಕೂತಿದ್ದರು. ಸೂಜಿ ಮುಟ್ಟುವ ಮೊದಲು ರಕ್ತ ಪರೀಕ್ಷೆ ಮಾಡಿಸಿದರು.

“ಕಾಕಾ, ಕಿಡ್ನಿಗೆ ಪೆಟ್ಟ ಬಿದ್ದೈತಿ. ಇನ್ನ ಒಂದ ಸೂಜಿನೂ ಬ್ಯಾಡ, ಚೀಲಾ ಹೊರೋದೂ ಬ್ಯಾಡ.”

“ಈ ಗುರುವಾರದ್ದ ಒಂದ ಹಾಕಿಬಿಡ್ರಿ, ಬಾಯಾರ.”

“ಹಿಂಗ ಹಾಕಸ್ಕೋತ ಹೋದ್ರ ವಾರಕ್ಕ ಎರಡ ಸಲ ಡಯಾಲಿಸಿಸ್‌ಗೆ ಬರಬೇಕಾಕ್ಕೈತಿ. ಯಾವ ದಿನಾ ಬರ್ತೀರಿ, ಹೇಳ್ರಿ.”

ಬುಡನಸಾಬ ಪೇಟೆ ಇಲ್ಲದ ದಿನಗಳನ್ನು ಬೆರಳ ಮೇಲೆ ಎಣಿಸತೊಡಗಿ, ಅರ್ಧಕ್ಕೇ ನಿಲ್ಲಿಸಿದ.

ಮಧ್ಯಾಹ್ನ ಪೇಟೆಗೆ ಬಂದವನು ಗುಂಪಿನ ಹಿರಿಯ ಮಲ್ಲೇಶಪ್ಪನ ಮುಂದೆ ನಿಂತ.

“ಮಲ್ಲೇಶಣ್ಣ, ನನಗ ನಡಾ ಬ್ಯಾನಿ ಐತಿ. ಹನ್ನೊಂದ ವರ್ಷಾತು, ಕದ್ದು ಸೂಜಿ ಹಾಕಸ್ಕೊಂಡು ಹೊತ್ತೇನಿ. ಕಿಡ್ನಿಗೆ ಪೆಟ್ಟ ಬಿದ್ದೈತಿ ಅಂತ ರಾಣೆಬೆನ್ನೂರ ಡಾಕ್ಟರಬಾಯಿ ಹೇಳ್ಯಾರ. ಇನ್ನ ಆಗೂದಿಲ್ಲ. ದಬ್ಬಳ ಕೊಡ್ರಿ.”

ಇಷ್ಟು ಹೇಳಿ, ಮೆಣಸಿನಕಾಯಿ ಘಾಟಿಗೆ ಎಂಬಂತೆ ಕಣ್ಣೊರೆಸಿಕೊಂಡ. ಹೊರುತ್ತಿದ್ದವರು ಚೀಲ ಬೆನ್ನ ಮೇಲಿರುವಂತೆಯೇ ನಿಂತರು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮಲ್ಲೇಶಪ್ಪ ದಬ್ಬಳ ಕೊಡಲಿಲ್ಲ. ರಟ್ಟೆ ಹಿಡಿದು ಚೀಲಗಳ ಒಟ್ಟಿಲ ಹಿಂದೆ ಕರೆದೊಯ್ದು, ಆಚೀಚೆ ನೋಡಿ ಕೇಳಿದ:

“ಆ ಡಾಕ್ಟರಬಾಯಿ ಮಂದಿ ಮುಂದ ಹೇಳೂದಿಲ್ಲಲಾ?”

“ಯಾಕ್ರಿ?”

“ನಾ ಹಾವೇರ್ಯಾಗ ಹಾಕಸ್ಕೋತೇನಿ. ಹದಿನಾಕ ವರ್ಷಾತು.”

ಬುಡನಸಾಬನಿಗೆ ಸಿಟ್ಟೂ ಬಂತು, ಮರುಕವೂ ಬಂತು. “ಲಗೂ ನಡೀರಿ, ರಾಣೆಬೆನ್ನೂರ ಬಸ್ ಐತಿ. ನಿಮ್ಮ ರಕ್ತಾನೂ ಆ ಬಾಯಾರಿಗೆ ತೋರಸೂಣು,” ಎಂದ.

ತೂಕ ನಡೆಯುತ್ತಿರುವಾಗಲೇ ಇಬ್ಬರು ಹಮಾಲರು ಪೇಟೆ ಬಿಟ್ಟು ಹೋಗುವುದನ್ನು ಬ್ಯಾಡಗಿಯ ಜನ ಅಂದು ನೋಡಿದರು.